ಓದುವಾಗ ಹೂಂ ಅನ್ನಬೇಡ

ಹೆದರಿಕೊಳ್ಳುವವರು ಈಗಲೇ ಎದ್ದು ಹೋಗಿ, ಬಾಗಿಲು ತೆರೆದೇ ಇದೆ. ಆಮೇಲೆ ಬಚ್ಚಲಿಗೆ ಹೋಗಲೂ ಜೊತೆಗೆ ಜನ ಬೇಕಾದರೆ ನನ್ನನ್ನು ಬೈಯಬೇಡಿ. ದೆವ್ವ ಕಂಡೆ ಎನ್ನುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮಾಟದ ಎದುರಿಗೆ ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಕೂದಲೂ ಕೊಂಕದೆ ಎದ್ದು ಬಂದ ಗಂಡು ಒಬ್ಬನೇ. ಹೆಸರು ಅಭಿನವ. ಊರು ಮುಧೋಳದ ಹತ್ತಿರ, ವಯಸ್ಸು ಇಪ್ಪತ್ತಾರು, ಜರ್ಮನಿಗೆ ಬಂದು ನಾಲ್ಕು ತಿಂಗಳು. ಅವನ ಕತೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವನು ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಟೈಟಲ್ ಕಾರ್ಡ್ ಬಿತ್ತು. ಮೊಬೈಲ್ ಸೈಲೆಂಟ್ ಮಾಡಿ ಕೂತುಕೊಳ್ಳಿ.

ಎಚ್ಚರಿಕೆ ಬಂದದ್ದು ಸೇಬಿನ ಕೇಕಿನ ಜೊತೆ, ಒಂದು ಭಾನುವಾರ ಮಧ್ಯಾಹ್ನ, ಜರ್ಮನಿಯ ರೆನ್ನಿಂಗೆನ್ ಎಂಬ ಊರಿನಲ್ಲಿ. ಕೇಕು ತಂದವಳು ಕೆಳಗಿನ ಮನೆಯ ಫ್ರೌ ಹೌಗ್, ಎಂಬತ್ತೆರಡು ವರ್ಷದ ಮುದುಕಿ. ತಿನ್ನಲು ಕೂತವರು ಅಭಿನವ, ಅವನ ಅಕ್ಕ ಮಧುಮತಿ ಮತ್ತು ಇಬ್ಬರ ಆಯಿ ಗುರವ್ವ.

ಆಯಿ ಎಂದರೆ ಅವ್ವನ ಅವ್ವ. ಅವ್ವ ಬೇಗ ಹೋದಳು. ಅಕ್ಕ-ತಮ್ಮ ಇಬ್ಬರನ್ನೂ ಎದೆಗೆ ಹಾಕಿಕೊಂಡು ಸಾಕಿದವಳು ಈಕೆ. ಮೂರು ತಿಂಗಳ ವೀಸಾ ಮತ್ತು ಒಂದು ಚೀಲ ಜೋಳದ ಹಿಟ್ಟು ಹಿಡಿದುಕೊಂಡು ಬಂದು, ಮೊಮ್ಮಗಳ ಮನೆಯ ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದಳು. ಚಿಕ್ಕಂದಿನಲ್ಲಿ ಅವಳು ಕತೆ ಹೇಳಿದರೆ ಹುಡುಗರು ಹೂಂ ಅನ್ನುತ್ತಲೇ ಇರಬೇಕಿತ್ತು. ಹೂಂ ನಿಂತಿತೋ, ನಿದ್ದೆ ಬಂತೆಂದು ಕತೆಯೂ ಅಲ್ಲಿಗೇ ನಿಲ್ಲುತ್ತಿತ್ತು. ಹುಡುಗರು ಹೇಳುವ ಕತೆಗೆ ಅವಳು ಹೂಂಗುಟ್ಟುವಳು. ಏಳು ಹೆಡೆಯ ಹಾವು ಬಂದರೂ ಹೂಂ, ಮಾತನಾಡುವ ಕತ್ತೆ ಬಂದರೂ ಹೂಂ. ಆದರೆ ತಪ್ಪು ಮುಚ್ಚಿಕೊಳ್ಳಲು ಹೇಳುವ ಸುಳ್ಳಿಗೆ ಮಾತ್ರ ಅವಳ ಬಾಯಿ ತೆರೆಯುತ್ತಿರಲಿಲ್ಲ. ಸಾಲಿ ತಪ್ಪಿಸಿ ಕೆರೆಗೆ ಹೋದ ದಿನ ಅಭಿನವ ಮಾಸ್ತರರ ಬಗ್ಗೆ ಎಷ್ಟು ದೊಡ್ಡ ಪುರಾಣ ಕಟ್ಟಿದರೂ ಆಯಿ ರೊಟ್ಟಿ ಬಡಿಯುತ್ತ ಸುಮ್ಮನಿದ್ದುಬಿಡುತ್ತಿದ್ದಳು. ಆ ಮೌನಕ್ಕಿಂತ ಬಾಸುಂಡೆ ಲೇಸಿತ್ತು.

ಇನ್ನು ಮನೆಯ ವಿಷಯ. ಗಂಡನಿಂದ ಬಿಡುಗಡೆ ಪಡೆದು ಒಬ್ಬಳೇ ನಿಂತ ಮಧುಮತಿ ಈ ಪರದೇಶದಲ್ಲಿ ‘ನನ್ನದು’ ಎನ್ನುತ್ತಿದ್ದದ್ದು ಈ ಮೇಲಿನ ಮಹಡಿಯೊಂದನ್ನೇ. ಗೋಡೆ ಅವಳದು, ಗೋಡೆಯ ಕೆಳಗಿನ ನೆಲ ಮಾತ್ರ ಒಂದು ಹಳೆಯ ಟ್ರಸ್ಟಿನದು. ನೆಲವನ್ನು ಅರವತ್ತು ವರ್ಷಕ್ಕೆ ಬಿಟ್ಟುಕೊಡುತ್ತಾರೆ, ಅದರ ಮೇಲೆ ಮನೆ ಮಾಡಿಕೊಂಡು ಇರಬಹುದು, ಗಡುವು ಮುಗಿದರೆ ಮನೆಯೂ ನೆಲದವರ ಪಾಲು. ಇದಕ್ಕೆ ಇಲ್ಲಿ ಎರ್ಬ್‌ಬೌರೆಕ್ಟ್ ಎನ್ನುತ್ತಾರೆ. ಗಡುವು ಆ ನವೆಂಬರ್ ಕೊನೆಗೆ ಮುಗಿಯುತ್ತಿತ್ತು. ಬುಧವಾರ ನೋಟರಿಯ ಮುಂದೆ ಕರಾರನ್ನು ಇನ್ನರವತ್ತು ವರ್ಷಕ್ಕೆ ಮುಂದುವರಿಸಿಕೊಳ್ಳುವುದೆಂದು ನಿಗದಿಯಾಗಿತ್ತು. ಹೊಸ ಕಾಗದದಲ್ಲಿ ತಮ್ಮನ ಹೆಸರೂ ಇರಲಿ ಎಂಬುದು ಅಕ್ಕನ ಹಟ.

ಫ್ರೌ ಹೌಗ್ ತನ್ನ ಕೆಳಗಿನ ಮನೆಯ ಕರಾರನ್ನು ಮುಂದುವರಿಸುವುದಿಲ್ಲ ಎಂದಿದ್ದಳು. ಯಾಕೆ ಎಂದು ಹೇಳಲೆಂದೇ ಆ ದಿನ ಮೆಟ್ಟಿಲು ಹತ್ತಿ ಬಂದಿದ್ದಳು. ಅವಳು ಜರ್ಮನ್‌ನಲ್ಲಿ ಹೇಳುತ್ತ ಹೋದಳು, ಮಧುಮತಿ ಕೇಕು ಕತ್ತರಿಸುತ್ತ ಕನ್ನಡ ಮಾಡುತ್ತ ಹೋದಳು.

“ಇದು ಮೊದಲ ಒಬ್ಬಾಕಿ ವಿಧವೀದು ಹೊಲ ಇತ್ತಂತ, ಆಯಿ. ನೂರಾ ಇಪ್ಪತ್ತು ವರ್ಷದ ಹಿಂದಿನ ಮಾತು. ಆಕಿಗೆ ಹಳ್ಳಿ ಮಾತು ಅಷ್ಟ ಬರ್ತಿತ್ತು. ಕಾಗದ ಓದಿದ್ದು ಕಚೇರಿ ಭಾಷಾದಾಗ. ದೊಡ್ಡಮಂದಿ ಮುಂದ ತಿಳೀಲಿಲ್ಲ ಅನ್ನಾಕ ನಾಚ್ಕೊಂಡು, ಸಾಲಿಗೊಮ್ಮೆ ‘ಯೋ, ಯೋ’ ಅಂದ್ಳಂತ. ಯೋ ಅಂದ್ರ ಇವರ ಹಳ್ಳ್ಯಾಗ ಹೂಂ. ಮನಿಗೆ ಬಂದ ಮ್ಯಾಲೆ ಗೊತ್ತಾತಂತ, ಹೊಲಾನ ಹೋಗೇತಿ ಅಂತ.”

ಗುರವ್ವ ಕೇಕು ಮುಟ್ಟಲಿಲ್ಲ. “ಆಮ್ಯಾಗ?”

“ಆಮ್ಯಾಗೇನು, ಮಾಟ! ತನ್ನ ಕೂದಲು, ಹೊಲದ ಮಣ್ಣು, ಮುರಕ ಬೀಗ, ಎಲ್ಲಾ ಗಡಿಗ್ಯಾಗ ತುಂಬಿ ಈ ಮನಿ ಪಾಯದಾಗ ಹುಗದ್ಳಂತ. ಈ ಕಾಗದ ಮತ್ತ ಓದೂ ಮುಂದ ತಿಳೀದ ಹೂಂ ಅಂದವ್ರಿದ್ರ, ಕಡೀ ಹೂಂ ಯಾರದೋ ಅವರ ದನಿ ಈ ಮಣ್ಣಿಗೆ. ಕರಾರು ಇರೂತನಕ ದನಿ ಗ್ವಾಡ್ಯಾಗ. ಅವರು ಆ ರಾತ್ರಿ ದಾಟೂದಿಲ್ಲಂತ.”

ಅರವತ್ತು ವರ್ಷದ ಹಿಂದೆ, ಹೋದ ಸಲ ಕಾಗದ ಓದಿದಾಗ, ಫ್ರೌ ಹೌಗ್ ಮದುವೆಯಾಗಿ ಐದು ತಿಂಗಳು. ಗಂಡ ಕಾರ್ಲ್ ಗಾರೆ ಕೆಲಸದವನು, ಇಪ್ಪತ್ತನಾಲ್ಕು ವರ್ಷ. ಕಚೇರಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತು, ತಿಳಿಯದ ಸಾಲಿಗೆಲ್ಲ ‘ಯೋ’ ಎನ್ನುತ್ತ ತಲೆಯಾಡಿಸಿದ. ಮನೆಗೆ ಬಂದು ಸೂಪು ಕುಡಿದು ಮಲಗಿದವನು ಏಳಲಿಲ್ಲ.

ಮುದುಕಿ ಎದ್ದು ಹೋಗಿ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿ ಮೆಲ್ಲಗೆ, “ಕಾರ್ಲ್?” ಎಂದಳು.

ಗೋಡೆಯೊಳಗೆ, ತೀರ ಆಳದಲ್ಲಿ, ಬಾವಿಯ ತಳದಿಂದ ಬಂದ ಹಾಗೆ, “ಯೋ.”

ಕತ್ತರಿಸುತ್ತಿದ್ದ ಚಾಕು ನಿಂತಿತು. ಅಭಿನವನಿಗೆ ನಗು ತಡೆಯಲಾಗಲಿಲ್ಲ.

“ಅಕ್ಕಾ, ಹೀಟರ್ ಪೈಪಿನ್ಯಾಗ ಗಾಳಿ ಹಿಡದೈತಿ. ಪ್ಲಂಬರ್ ಕರಸು, ಪೂಜಾರಿನ್ನ ಅಲ್ಲ.” ಕುರ್ಚಿಯ ಮೇಲೆ ಒಂದು ಕಾಲಿಟ್ಟು, ಇಲ್ಲದ ಟವೆಲ್ಲನ್ನು ಹೆಗಲಿಗೆ ಎಸೆದುಕೊಂಡ. “ಏ ಗಡಿಗಿ ಮುದುಕಿ! ನಿನ್ನಂಥಾ ಗಡಿಗಿ ನೂರು ಒಡದಾಂವ ನಾ. ಈ ಅಭಿನವ ಒಮ್ಮೆ ಹೂಂ ಅಂದ್ರ ಯಮನ ಕ್ವಾಣನೂ ರಿವರ್ಸ್ ಗೇರ್ ಹಾಕ್ತೈತಿ!”

ಅಕ್ಕ ನಕ್ಕಳು. ಆಯಿ ನಗಲಿಲ್ಲ.

“ಇದರಾಗಿಂದ ಪಾರಾಗೂ ದಾರಿ ಏನಂತ ಕೇಳಬೇ ಆಕಿನ್ನ.”

ಫ್ರೌ ಹೌಗ್ ಹೇಳಿದಳು. ಮಧುಮತಿ ಭುಜ ಹಾರಿಸಿ ಕನ್ನಡ ಮಾಡಿದಳು. “‘ನಂಗ ತಿಳೀಲಿಲ್ಲ’ ಅಂದ್ರ ಸಾಕಂತ. ಬಾಯಿಬಿಟ್ಟು ಅಷ್ಟ ಅಂದ್ರ ಮಾಟ ಕಡೀತೈತಂತ. ಆ ಒಂದು ಮಾತು ಕಾರ್ಲ್‌ಗ ಆಗಲಿಲ್ಲಂತ.”

ಗುರವ್ವ ಮೊಮ್ಮಗನ ಕೈ ಹಿಡಿದಳು. “ತಮ್ಮಾ. ಓದೂ ಮುಂದ ಹೂಂ ಅನಬ್ಯಾಡ.”

“ಹೂಂ,” ಎಂದ ಅಭಿನವ, ಕಣ್ಣು ಹೊಡೆದು.

ಬುಧವಾರ ಬೆಳಗ್ಗೆ ಹತ್ತೂವರೆ. ಹೊರಗೆ ಮಂಜು ಎಷ್ಟು ದಟ್ಟವೆಂದರೆ ನೋಟರಿ ಕಚೇರಿಯ ಕಿಟಕಿಗೆ ಯಾರೋ ಸುಣ್ಣ ಬಳಿದ ಹಾಗಿತ್ತು. ಒಳಗೆ ಉದ್ದನೆಯ ಮೇಜು, ಕಾಫಿಯ ವಾಸನೆ. ಮೇಜಿನ ಆಚೆ ಟ್ರಸ್ಟಿನ ಮನುಷ್ಯ, ಈಚೆ ಅಕ್ಕ-ತಮ್ಮ. ನಾನೂ ಬರುವವಳೇ ಎಂದು ಹಟ ಹಿಡಿದು ಬಂದಿದ್ದ ಗುರವ್ವ ಗೋಡೆಯ ಪಕ್ಕದ ಕುರ್ಚಿಯಲ್ಲಿ, ಇಳಕಲ್ ಸೀರೆಯ ಮೇಲೆ ಮೊಮ್ಮಗಳ ದಪ್ಪ ಜಾಕೆಟ್ ಹಾಕಿಕೊಂಡು.

ಈ ದೇಶದಲ್ಲಿ ಮನೆಯ ಕಾಗದಕ್ಕೆ ಸಹಿ ಬೀಳುವ ಮೊದಲು ನೋಟರಿ ಅದನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಲೇಬೇಕು. ಅದು ಕಾನೂನು. ಕೇಳುವವನಿಗೆ ಜರ್ಮನ್ ಬಾರದಿದ್ದರೆ ದುಭಾಷಿ ಬೇಕು. ವಾರದ ಹಿಂದೆಯೇ ಅಕ್ಕ ಕೇಳಿದ್ದಳು, “ದುಭಾಷಿ ಬೇಕೇನೋ?” ಎಂದು. “ಯಾಕಬೇ, ನಾ ಕನಸೂ ಜರ್ಮನ್‌ದಾಗ ಕಾಣಾಕತ್ತೀನಿ,” ಎಂದಿದ್ದ. ಸಂಜೆಯ ಭಾಷಾ ಕ್ಲಾಸಿಗೆ ಮೂರು ದಿನ ಹೋಗಿ ಬಿಟ್ಟದ್ದು, ಆ ಹೊತ್ತಿನಲ್ಲಿ ದಿಲೀಪ್ ಎಂಬ ಗೆಳೆಯನ ರೂಮಿನಲ್ಲಿ ಸಿನಿಮಾ ನೋಡುತ್ತ ಕೂರುತ್ತಿದ್ದದ್ದು ಅಕ್ಕನಿಗೆ ಗೊತ್ತಿರಲಿಲ್ಲ. ತಮ್ಮ ಓದಿ ಬರುತ್ತಾನೆಂದು ಅವಳು ಪ್ರತಿ ಸಂಜೆ ಚಹಾ ಕಾಸಿಟ್ಟಿರುತ್ತಿದ್ದಳು.

ನೋಟರಿ ಕನ್ನಡಕದ ಮೇಲಿಂದ ಅವನನ್ನೇ ನೋಡಿ ಏನೋ ಕೇಳಿದ. ‘ಡಾಯ್ಚ್’, ಅಂದರೆ ಜರ್ಮನ್, ಎಂಬ ಪದವೊಂದು ಅಭಿನವನಿಗೆ ಸಿಕ್ಕಿತು.

“ಯಾ, ಯಾ! ಆಲೆಸ್ ಕ್ಲಾರ್!” ಎಂದ. ಹೌದು ಹೌದು, ಎಲ್ಲ ತಿಳಿಯುತ್ತದೆ ಎಂದು.

ಓದು ಶುರುವಾಯಿತು. ಏರಿಲ್ಲ, ಇಳಿವಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅಯ್ಯನವರು ಮಂತ್ರ ಓಡಿಸುವ ಹಾಗೆ. ಎರಡು ನಿಮಿಷಕ್ಕೇ ಅಭಿನವನಿಗೆ ಆಕಳಿಕೆ ಬಂತು. ಹಿಂದೆ ತಿರುಗಿ ಆಯಿಯನ್ನು ನೋಡಿದ. ಅವಳು ತುಟಿ ಬಿಗಿಹಿಡಿದು ಅವನನ್ನೇ ನೋಡುತ್ತಿದ್ದಳು. ತುಂಟತನ ಕೆರಳಿತು. ಚಿಕ್ಕಂದಿನಲ್ಲಿ ಕೌದಿಯೊಳಗಿಂದ ಅನ್ನುತ್ತಿದ್ದನಲ್ಲ, ಅದೇ ರಾಗದಲ್ಲಿ ಎಳೆದ.

“ಹೂಂ.”

ಗುರವ್ವನ ಕೈ ತಾಳಿಯಿಲ್ಲದ ಕೊರಳಿಗೆ, ಲಿಂಗದ ಕರಡಿಗೆಗೆ ಹೋಯಿತು. ಅಕ್ಕ ಮೇಜಿನ ಕೆಳಗೆ ಅವನ ಕಾಲು ಒದ್ದಳು. ಇನ್ನೂ ಮಜಾ ಬಂತು.

“ಹೂಂ.”

ಮೂರನೆಯದನ್ನು ಅವನು ಅನ್ನಲಿಲ್ಲ. ಅದು ತಾನಾಗಿಯೇ ಬಂತು.

ಎದೆಯ ಕೆಳಗೆಲ್ಲೋ ಸಣ್ಣಗೆ ಕಿತ್ತ ಹಾಗಾಗಿ, ತುಟಿ ಮುಚ್ಚಿದ್ದರೂ ಮೂಗಿನಿಂದ ಹೊರಬಿತ್ತು. ನೋಟರಿ ಒಂದು ಸಾಲು ಮುಗಿಸಿದ. ಹೂಂ. ಇನ್ನೊಂದು ಸಾಲು. ಹೂಂ. ಕಾಫಿಯ ವಾಸನೆ ಹೋಗಿ ಆ ಜಾಗಕ್ಕೆ ಉತ್ತ ಹೊಲದ ಹಸಿ ಮಣ್ಣಿನ ವಾಸನೆ ಬಂತು. ಅದರ ಹಿಂದೆ ತುಕ್ಕು. ಅದರ ಹಿಂದೆ ಸುಟ್ಟ ಕೂದಲು. ಕಿಟಕಿಯ ಮಂಜು ಬೂದಿಯ ಬಣ್ಣಕ್ಕೆ ತಿರುಗಿತು. ಅಭಿನವ ಹಲ್ಲು ಕಚ್ಚಿದ. ಉಸಿರು ಹಿಡಿದ. ಸಾಲು ಮುಗಿಯಿತು. ಹೂಂ.

ಮೇಜಿನ ಕೆಳಗೆ, ಅವನ ಮೊಣಕಾಲಿನ ಹತ್ತಿರ, ಯಾರೋ ಮುದುಕಿ ಅವನ ಜೊತೆಗೇ ಮೆಲ್ಲಗೆ ಅಂದಳು. “ಯೋ.”

ಅವನು ಬಗ್ಗಲಿಲ್ಲ. ಬಗ್ಗಿ ನೋಡುವ ಧೈರ್ಯ ಇರಲಿಲ್ಲ. ತಣ್ಣನೆಯದೊಂದು ಕೈ ಅವನ ಪಾದದ ಮೇಲೆ ಕೂತಿತು. ಉಗುರಿನಲ್ಲಿ ಮಣ್ಣು ಇದೆ ಎಂದು ನೋಡದೆಯೂ ತಿಳಿಯಿತು. ಕೈ ಮೇಲೇರಿತು. ಮೀನಖಂಡ. ಮೊಣಕಾಲು. ಸಾಲು ಮುಗಿಯಿತು. ಹೂಂ. ಯೋ. ನೋಟರಿಯ ತುಟಿ ಆಡುತ್ತಿತ್ತು, ದನಿ ಮಾತ್ರ ಅವನದಾಗಿರಲಿಲ್ಲ. ಒಣಗಿದ, ಹಲ್ಲಿಲ್ಲದ ದನಿ. ಟ್ರಸ್ಟಿನ ಮನುಷ್ಯ ಪೆನ್ನು ತಿರುಗಿಸುತ್ತಿದ್ದ. ಅಕ್ಕ ಕಾಗದದ ಮೇಲೆ ಬೆರಳಿಟ್ಟು ಸಾಲು ಅನುಸರಿಸುತ್ತಿದ್ದಳು. ಅವಳಿಗೆ ತಿಳಿಯುತ್ತಿತ್ತು. ತಿಳಿದವರಿಗೆ ಏನೂ ಕಾಣುತ್ತಿರಲಿಲ್ಲ.

ಪ್ರತಿ ಹೂಂ ಜೊತೆ ಎದೆಯೊಳಗೆ ಒಂದೊಂದು ದೀಪ ಆರುತ್ತಿತ್ತು. ಕೈ ಈಗ ಗಂಟಲಲ್ಲಿತ್ತು.

ಆಗ ಇನ್ನೊಂದು ಕೈ ಹೆಗಲಿಗೆ ಬಿತ್ತು. ಬೆಚ್ಚಗಿತ್ತು. ಗುರವ್ವ ಎದ್ದು ಬಂದು ಅವನ ಬೆನ್ನಿಗೆ ನಿಂತಿದ್ದಳು.

“ಹೇಳೋ ತಮ್ಮಾ,” ಕಿವಿಯಲ್ಲಿ ಅಂದಳು. “ತಿಳೀಲಿಲ್ಲ ಅನ್ನು. ಒಂದ ಮಾತು.”

ಭಾಷಾ ಕ್ಲಾಸಿನ ಮೊದಲ ದಿನದ ಮೊದಲ ಪಾಠ. ಇಷ್ ಫರ್‌ಷ್ಟೇಹ ನಿಷ್ಟ್. ನನಗೆ ತಿಳಿಯಲಿಲ್ಲ ಎನ್ನಲು ಮೂರೇ ಪದ. ಅಭಿನವ ಬಾಯಿ ತೆರೆದ. ದನಿ ಬರಲಿಲ್ಲ. ನಾಲಗೆಯ ಮೇಲೆ ಮಣ್ಣು ತುಂಬಿತ್ತು. ಮತ್ತೆ ಪ್ರಯತ್ನಿಸಿದ. ಮತ್ತೆ ಬರಲಿಲ್ಲ. ಸಿಂಹದಂತೆ ಹೋರಾಡಿದ, ಕಣ್ಣಲ್ಲಿ ನೀರು ಬಂತು, ಮಾಟ ಅವನ ಗಂಟಲಿಗೆ ಬೀಗ ಹಾಕಿತ್ತು.

“ಅನ್ನೋ ನನ್ನಪ್ಪಾ.”

ನೋಟರಿ ಹಾಳೆ ತಿರುವಿದ. ಕೊನೆಯ ಹಾಳೆ.

ಗುರವ್ವ ಮೊಮ್ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಜೋಳದ ಹಿಟ್ಟಿನ ವಾಸನೆಯ ಅಂಗೈಯನ್ನು ಅವನ ಬಾಯಿಗೆ ಒತ್ತಿ ಹಿಡಿದು, ನೋಟರಿಯ ಕಡೆಗೆ ತಿರುಗಿ, ಅಂಗಳಕ್ಕೆಲ್ಲ ಕೇಳುವ ಹಾಗೆ ಅಂದಳು.

“ಹೂಂ.”

“ಆಯಿ, ಸುಮ್ನಿರಬೇ!” ಅಕ್ಕನ ಪಿಸುಮಾತು.

“ಹೂಂ,” ಅಂದಳು ಆಯಿ. ಗಂಟಲ ಮೇಲಿನ ತಣ್ಣನೆಯ ಕೈ ಸಡಿಲಾಯಿತು. “ಹೂಂ.” ಕೈ ಜಾರಿತು. ಮೊಣಕಾಲಿಗೆ. ಪಾದಕ್ಕೆ. ಬೇರೆ ಯಾರದೋ ಪಾದದ ಕಡೆಗೆ. ಕಾಲುಂಗುರವಿಲ್ಲದ, ಒಡೆದ ಹಿಮ್ಮಡಿಯ ಪಾದದ ಕಡೆಗೆ. “ಹೂಂ.” ನೋಟರಿಯ ಉಸಿರು ಒಂದೇ ಓಟದಲ್ಲಿತ್ತು. ಎರಡು ಸಾಲು. “ಹೂಂ.” ಒಂದು ಸಾಲು.

ಓದು ನಿಂತಿತು.

ಕೋಣೆಯಲ್ಲಿ ಕೊನೆಗೆ ಉಳಿದ ದನಿ ಅವಳದು.

“ಹೂಂ.”

ಆಮೇಲೆ ಕಾಫಿಯ ವಾಸನೆ. ಪೆನ್ನಿನ ಸದ್ದು. ಟ್ರಸ್ಟಿನ ಮನುಷ್ಯ ನಗುತ್ತ ಅಕ್ಕನ ಕೈ ಕುಲುಕಿದ. ಅಕ್ಕ ಕಣ್ಣೊರೆಸಿಕೊಂಡಳು, ಸಂತೋಷಕ್ಕೆ. ಅರವತ್ತು ವರ್ಷ. ಇನ್ನು ಅವಳನ್ನು ಆ ಮನೆಯಿಂದ ಎಬ್ಬಿಸುವವರಿಲ್ಲ. ಅಭಿನವನೂ ಸಹಿ ಹಾಕಿದ.

ಕಾರಿನಲ್ಲಿ ಆಯಿ ಮಾತಾಡಲಿಲ್ಲ. ಮಾತಾಡಿದಳು, ಕೇಳಿಸಲಿಲ್ಲ. ತುಟಿ ಆಡಿತು, ದನಿ ಹತ್ತಿ ಉದುರಿದ ಹಾಗೆ. ಮನೆಗೆ ಬಂದು ಹೀಟರಿನ ಪಕ್ಕ ಹಾಸಿಕೊಂಡು ಮಲಗಿದಳು. ನೆಗಡಿ ಎಂದುಕೊಂಡು ಅಕ್ಕ ಕಷಾಯ ಕಾಸಿ ಔಷಧಿ ಅಂಗಡಿಗೆ ಓಡಿದಳು. ನಾಲ್ಕೂವರೆಗೆ ನವೆಂಬರಿನ ಬೆಳಕು ಕಿಟಕಿಯಿಂದ ಇಳಿದುಹೋಯಿತು.

“ತಮ್ಮಾ,” ಎಂದಳು ಆಯಿ. ಬಾಯಿಗೆ ಕಿವಿ ಹಚ್ಚಿದರಷ್ಟೇ ಕೇಳುತ್ತಿತ್ತು. “ಒಂದ್ ಕತಿ ಹೇಳೋ.”

“ನೀ ಹೇಳಬೇಕು ಆಯಿ. ನಾ ಹೂಂ ಅಂತೀನಿ.”

“ನೀ ಹೂಂ ಅಂದದ್ದ ಸಾಕಪಾ,” ಎಂದು ನಕ್ಕಳು.

ಎಳ್ಳುಕಾಳಿನೊಳಗೆ ಮನೆ ಮಾಡಿದ ಇರುವೆಯ ಕತೆ ಹೇಳಿದ. ಅವಳೇ ಹೇಳಿಕೊಟ್ಟದ್ದು. ಮಳೆ ಬಂತು ಆಯಿ. ಹೂಂ. ಎಳ್ಳು ತೇಲಿ ಹೋತು. ಹೂಂ. ಹಳ್ಳಕ್ಕ ಬಿತ್ತು. ಹೂಂ. ಹೊಳಿಗೆ ಬಿತ್ತು. ಮ್. ಇರುವೆ ಒಳಗ ಕುಂತು ಏನಂತು ಗೊತ್ತೇನ ಆಯಿ?

ಹೂಂ ನಿಂತರೆ ಕತೆ ನಿಲ್ಲಿಸಬೇಕು. ಅದು ಅವಳದೇ ಕಟ್ಟಳೆ. ಅಭಿನವ ನಿಲ್ಲಿಸಲಿಲ್ಲ. ಅವಳ ಕೈ ತಣ್ಣಗಾಗುತ್ತಿತ್ತು, ಅವನು ಹೇಳುತ್ತಲೇ ಹೋದ. “ನಮ್ಮನಿ ತೇಲ್ತೈತಿ, ಮುಳಗಂಗಿಲ್ಲ, ಅಂತು ಆಯಿ. ಮುಳಗಂಗಿಲ್ಲ ಅಂತು.”

“ಹೂಂ.”

ಬಂದದ್ದು ಹಾಸಿಗೆಯಿಂದಲ್ಲ. ಅಡುಗೆಮನೆಯ ಗೋಡೆಯಿಂದ.

ಬಾಗಿಲು ತೆರೆದು ಓಡಿದವನಿಗೆ ಮೆಟ್ಟಿಲಿನ ಮೇಲೆ ಫ್ರೌ ಹೌಗ್ ಸಿಕ್ಕಳು. ಕೋಟು ಹಾಕಿಕೊಂಡು, ಕಿವಿಯನ್ನು ಗೋಡೆಗೆ ಒತ್ತಿ ಕೂತಿದ್ದಳು. ಮುಖವೆಲ್ಲ ಒದ್ದೆ. “ಕಾರ್ಲ್,” ಎನ್ನುತ್ತಿದ್ದಳು. “ಕಾರ್ಲ್? ಕಾರ್ಲ್?” ಅರವತ್ತು ವರ್ಷ ಉತ್ತರ ಕೊಟ್ಟ ಗೋಡೆ ಅವಳಿಗೆ ಆ ಮಧ್ಯಾಹ್ನದಿಂದ ಏನೂ ಹೇಳುತ್ತಿರಲಿಲ್ಲ.

ಆಯಿಯ ವೀಸಾದಲ್ಲಿ ಇನ್ನೂ ಹದಿನೇಳು ದಿನ ಉಳಿದಿತ್ತು.

ಹೀಗೆ ನಮ್ಮ ಅಭಿನವ ಮಾಟದ ಬಾಯಿಂದ ಬದುಕಿ ಬಂದ. ಕತೆ ಇಲ್ಲಿಗೆ ಮುಗಿಸಿ ಎದ್ದುಬಿಡಬಹುದಿತ್ತು.

ಆದರೆ ಈ ಕತೆಯನ್ನು ಅವನು ಇದೇ ಅಡುಗೆಮನೆಯಲ್ಲಿ ಕೂತು ಮೊದಲು ದಿಲೀಪನಿಗೆ ಫೋನಿನಲ್ಲಿ ಹೇಳಿದ. “ಗುರು, ನೀನು ಫೈಟ್ ಮಾಡ್ದೆ ಮಗಾ, ಏನ್ಮಾಡಕ್ಕಾಗತ್ತೆ,” ಎಂದ ದಿಲೀಪ್. ಗೋಡೆ ಏನೂ ಅನ್ನಲಿಲ್ಲ. ಅಕ್ಕನ ಮಾತಿಗೆ ಮಾತ್ರ ಅದು ಹೂಂ ಅನ್ನುತ್ತಿತ್ತು. ಹಾಲು ಮುಗಿದೈತಿ ಎಂದರೆ ಹೂಂ, ನಿದ್ದಿ ಬರವಲ್ದು ಆಯಿ ಎಂದರೆ ಹೂಂ. ಮೊದಮೊದಲು ಅಕ್ಕ ಕಿರುಚಿದಳು. ಆಮೇಲೆ ಆ ಗೋಡೆಗೆ ಒರಗಿಯೇ ಊಟ ಮಾಡತೊಡಗಿದಳು. ಹದಿಮೂರನೆಯ ದಿನ ಅಭಿನವ ಅವಳಿಗೂ ಹೇಳಿದ. “ಅನ್ನಾಕ ಹೋದ್ನಿ ಅಕ್ಕಾ. ದನೀನ ಬರಲಿಲ್ಲ.”

ಇಬ್ಬರೂ ಕಾದರು.

ಗೋಡೆ ಸುಮ್ಮನಿತ್ತು.

ಅಕ್ಕ ಗೋಡೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅಂದಿನಿಂದ ಅವಳು ಅವನ ಜೊತೆ ಮಾತಾಡಿಲ್ಲ. ಏನಾದರೂ ಹೇಳುವುದಿದ್ದರೆ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸುತ್ತಾಳೆ.

ಇವತ್ತು ಅಕ್ಕ ಮನೆಯಲ್ಲಿಲ್ಲ. ಬೆಳಗಿನಿಂದ ಈ ಗೋಡೆಗೆ ಮುಖ ಮಾಡಿ ಕೂತು ನಿಮಗೆ ಇದನ್ನೆಲ್ಲ ಹೇಳುತ್ತಿದ್ದೇನೆ. ಸಿಂಹದಂತೆ ಹೋರಾಡಿದ ಎಂದೆ. ಗಂಟಲಿಗೆ ಬೀಗ ಎಂದೆ. ಒಂದು ಸಲವೂ ಹೂಂ ಬಂದಿಲ್ಲ.

ಸರಿ. ಕೇಳು ಆಯಿ.

ಗಂಟಲಿಗೆ ಬೀಗ ಇರಲಿಲ್ಲ. ನಾಲಗೆಯ ಮೇಲೆ ಮಣ್ಣೂ ಇರಲಿಲ್ಲ. ನೀನು ಹೆಗಲ ಮೇಲೆ ಕೈಯಿಟ್ಟ ಗಳಿಗೆಯಲ್ಲೇ ದನಿ ಮರಳಿ ಬಂದಿತ್ತು, ಬಾಯಿಯ ತುದಿಯಲ್ಲೇ ಇತ್ತು. ಮೂರು ಪದ. ಅಂದಿದ್ದರೆ ನೋಟರಿ ಓದು ನಿಲ್ಲಿಸುತ್ತಿದ್ದ. ಮುಂದಿನ ವಾರಕ್ಕೆ ದುಭಾಷಿಯ ಜೊತೆ ಇನ್ನೊಂದು ದಿನ ಕೊಡುತ್ತಿದ್ದ. ಗಡುವಿಗೆ ಇನ್ನೂ ಹತ್ತು ದಿನ ಇತ್ತು, ಮನೆಯೂ ಉಳಿಯುತ್ತಿತ್ತು. ಕ್ಲಾಸಿಗೆ ಹೋಗಿಲ್ಲವೆಂದು ಅಕ್ಕನಿಗೆ ಗೊತ್ತಾಗುತ್ತಿತ್ತು, ಅಷ್ಟೇ. ಕಾಸಿಟ್ಟ ಚಹಾ ನೆನಪಾಯಿತು. ಆ ಕೋಟಿನ ಮನುಷ್ಯರ ಮುಂದೆ ನನಗೆ ನಾಚಿಕೆಯಾಯಿತು. ಬಾಯಿ ತೆರೆದೆ, ಮತ್ತೆ ನಾನೇ ಮುಚ್ಚಿಕೊಂಡೆ. ನೀನು ನನ್ನ ಮುಖ ನೋಡಿದಾಗ ನಿನಗೆ ಅದೂ ತಿಳಿಯಿತು. ತಿಳಿದೇ ನೀನು ನನ್ನ ಬಾಯಿಗೆ ಕೈ ಒತ್ತಿದೆ.

“ಹೂಂ.”